ಡಿಕ್ಕಿಯೊಳಗಿನ ಹಲಸು

ಬೀಚನಹಳ್ಳಿ ದಾಟಿದರೆ ಆನೆ ಕಾಟ. ಅದಕ್ಕೇ ಕಾರು ನಿಲ್ಲಿಸಿ ಛಾವಣಿ ಮುಚ್ಚುವ ಗುಂಡಿ ಒತ್ತಿದೆ. ಡಿಕ್ಕಿಯೊಳಗೆ ಮಡಚಿಕೊಂಡಿದ್ದ ಛಾವಣಿ ಕುಂಯ್ ಅಂತೇ ಹೊರತು ಮೇಲೇಳಲಿಲ್ಲ. ಕಾಡುದಾರಿಗೆ ಬೋಳು ಕಾರು, ಇದ್ಯಾವ ಶೋಕಿಯೋ! ಕಾರಿನ ಒಡತಿ ಮೇಡಂ ಪಕ್ಕದಲ್ಲಿ ಕೂತು ಡ್ರೈವರ್ ಆದ ನನ್ನನ್ನೇ ಬೈದರು.

ಮೆಕ್ಯಾನಿಕ್ ದೇವರಾಜನಿಗೆ ಫೋನ್ ಮಾಡಿದೆ.

"ಡಿಕ್ಕಿಲಿ ಏನ್ಲಾ ಮಡಗಿದ್ದೀಯ?"

"ಹಲಸಿನಹಣ್ಣು ಕಣ್ಲಾ. ಮೇಡಂ ದಾರೀಲಿ ಹ್ಯಾಂಡ್‌ಪೋಸ್ಟ್ ಊರಲ್ಲಿ ತಗಂಡ್ರು."

"ಅದು ಒತ್ತಿ, ಛಾವಣಿಗೂ ಸಾಮಾನಿಗೂ ಮಧ್ಯದ ಪರದೆ ಕೊಕ್ಕೆ ಬುಟ್ಟೈತೆ. ಪರದೆ ಸಿಕ್ಕಿಸೋಗಂಟ ಛಾವಣಿ ಏಳಕಿಲ್ಲ. ಇಳಿದು ಹಣ್ಣು ಈಚೆಗೆ ತಗಿ."

ಬಾಗಿಲಿಗೆ ಕೈ ಹಾಕಿದೆ. ಮೇಡಂ ನನ್ನ ತೋಳು ಹಿಡಿದರು. ಕನ್ನಡಿಯಲ್ಲಿ ನೋಡಿದೆ. ಆನೆಯೊಂದು ಸೊಂಡಿಲಿಟ್ಟು ಡಿಕ್ಕಿ ಮೂಸುತ್ತಿತ್ತು.

"ತಗದ್ಯೇನ್ಲಾ?" ಅಂದ ದೇವರಾಜ.

"ಆನೆ," ಅಂತ ಪಿಸುಗುಟ್ಟಿದೆ.

ಫೋನು ಒದರಿತು: "ಕೇಳಿಸ್ತಿಲ್ಲ ಕಣ್ಲಾ, ಜೋರಾಗಿ ಮಾತಾಡು!"