ಶಶಿಕಿರಣನನ್ನು ಬಿಟ್ಟ ತಂಡ

ಭಾನುವಾರದ ತಂಡದಲ್ಲಿ ಶಶಿಕಿರಣನನ್ನು ಇಟ್ಟುಕೊಳ್ಳುವುದೋ ಬಿಡುವುದೋ, ಇದೊಂದೇ ಶಿಲ್ಪಾಳ ತಲೆ ತಿನ್ನುತ್ತಿತ್ತು. ಕಳಸದ ಪೇಟೆಯಲ್ಲಿ ಗಂಡನ ಮನೆಯವರ ಬಟ್ಟೆ ಅಂಗಡಿ. ಗಲ್ಲಾದ ಹಿಂದೆ ಸೀರೆ ಮಡಚುತ್ತಲೇ ಅವಳು ಲೆಕ್ಕ ಹಾಕುತ್ತಿದ್ದಳು. ಸೊಸೆ ವ್ಯಾಪಾರದ ಚಿಂತೆಯಲ್ಲಿದ್ದಾಳೆಂದು ಮಾವ ಸೋಮಶೇಖರಪ್ಪನವರು ಒಳಗೊಳಗೇ ಹಿಗ್ಗುತ್ತಿದ್ದರು, ಪಾಪ.

ತಂಡ ಮೊಬೈಲ್ ಆಟದ್ದು; ಅದರಲ್ಲಿ ಕೊಲ್ಲಬೇಕಾದ ರಾಕ್ಷಸನದು ಕಬ್ಬಿಣದ ಮೈ. ಅವನೆದುರು ನಾಲ್ವರು ನಿಲ್ಲಬೇಕು: ಹೊಡೆತ ತಿನ್ನಲು ನಾಗೇಶ, ಗಾಯ ಮಾಯಿಸಲು ಶಿಲ್ಪಾ, ಹೊಡೆಯಲು ಮೇಘಶ್ರೀ ಮತ್ತು ಶಶಿಕಿರಣ. ಇವರು ಅವನಿಗಿಟ್ಟ ಹೆಸರು ಜಿ.ಎಂ. ಸಾಹೇಬರು. ನಾಲ್ವರೂ ಕುದುರೆಮುಖದ ಗಣಿ ಕಂಪನಿಯ ಮಕ್ಕಳು, ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅವರ ಅಪ್ಪಂದಿರು ಭೂಮಿಯ ಮೇಲೆ ಯಾರಿಗಾದರೂ ಹೆದರುತ್ತಿದ್ದರೆ ಅದು ಜನರಲ್ ಮ್ಯಾನೇಜರಿಗೆ.

ಗಣಿ ನಿಂತಾಗ ಶಿಲ್ಪಾ ಏಳನೇ ಕ್ಲಾಸು. ಒಂದೊಂದೇ ಲಾರಿ ಬಂದು ಸಾಲು ಖಾಲಿಯಾಯಿತು. ಈಗ ನಾಗೇಶ ಸಂಡೂರಿನ ಕಡೆ, ಮೇಘಶ್ರೀ ಮಂಗಳೂರಿನಲ್ಲಿ. ಶಶಿಕಿರಣ ಮಾತ್ರ ಹತ್ತಿರದ ಸಂಸೆಯಲ್ಲಿ ಜೀಪು ಓಡಿಸುತ್ತಾನೆ. ಅಂಗಡಿ ಮುಂದೆ ಹಾದರೆ ಹಾರ್ನ್ ಹೊಡೆಯುತ್ತಾನೆ, ಅಷ್ಟೇ. ಕುದುರೆಮುಖದ ಮೇಲೆ ಬಸ್ಸು ಹೋಗುವಾಗ ಶಿಲ್ಪಾ ಕಿಟಕಿಯಾಚೆ ನೋಡುವುದಿಲ್ಲ. ಅಲ್ಲೀಗ ಬರೀ ಖಾಲಿ ಮನೆಗಳು. ಆದರೆ ಸಂಜೆ ಫೋನಿನಲ್ಲಿ ಆ ಮೂರು ದನಿ ಕೇಳಿದರೆ ಆ ಮನೆಗಳೆಲ್ಲ ಮತ್ತೆ ತುಂಬಿದ ಹಾಗೆ. ಅವಳಿಗೆ ಬೇಕಾದದ್ದು ಅದು. ಸಾಹೇಬರು ಸತ್ತರೆಷ್ಟು, ಬಿಟ್ಟರೆಷ್ಟು!

ತೊಡಕು ಶಶಿಕಿರಣನ ಸಿಗ್ನಲ್‌ದು. ಅವನಿಗೆ ಅದು ಸಿಗುವುದು ಟೀ ತೋಟದ ತಿರುವಿನಲ್ಲಿ, ಅದೂ ಜೀಪಿನ ಬಾನೆಟ್ ಹತ್ತಿ ಕೂತರೆ. ಸಾಹೇಬರು ಕೈ ಎತ್ತುವ ಹೊತ್ತಿಗೆ ಸರಿಯಾಗಿ ಸಿಗ್ನಲ್ ಹೋಗಿ ಮಹಾಶಯ ಪರದೆಯ ಮೇಲೆ ಕಲ್ಲಾಗುತ್ತಿದ್ದ. ತಂಡ ಸೋಲುತ್ತಿತ್ತು. ಅವನು ಮರಳಿ ಬರುವ ತನಕ ಉಳಿದವರು ಕಾಯಬೇಕು. ಕಾಯುತ್ತ ಕಂಪನಿ ಬಸ್ಸಿನ ಮಾತು, ಕ್ಲಬ್ಬಿನಲ್ಲಿ ಪರದೆ ಕಟ್ಟಿ ತೋರಿಸಿದ ಸಿನಿಮಾದ ಮಾತು, ಯಾರದೋ ಅಮ್ಮ ಯಾರದೋ ಅಮ್ಮನ ಜೊತೆ ನೀರಿಗಾಗಿ ಆಡಿದ ಜಗಳದ ಮಾತು.

"ಈ ಭಾನುವಾರನೂ ಸೋತ್ರೆ ನಾ ಆಟ ಬಿಟ್ಟೆ ಮಾರಾಯ್ತಿ," ಎಂದಳು ಮೇಘಶ್ರೀ. "ನನ್ ಮೈದುನ ಲಿಖಿತ್ ಇದಾನಲ್ಲ, ಬೆಂಕಿ ಹಾಗೆ ಆಡ್ತಾನೆ. ಶಶಿ ಬದ್ಲು ಅವ್ನನ್ನ ಹಾಕೋಣ." ನಾಗೇಶನೂ ಹೂಂ ಅಂದ.

ಕ್ವಾರ್ಟರ್ಸಿನಲ್ಲಿ ಹೀಗೆ ಆರಿಸುವ ಪದ್ಧತಿಯೇ ಇರಲಿಲ್ಲ. ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬ ಹುಲಿ, ಒಬ್ಬ ಆನೆ ಎಂದು ಹೆಸರಿಟ್ಟುಕೊಂಡು ಬರುತ್ತಿದ್ದರು. ನಾಯಕ ಹುಲಿ ಬೇಕೆಂದರೆ ಹುಲಿಯಾದವನು ಅವನ ಪಾಲು. ಓಡಲು ಬಾರದವನಾದರೂ ಸರಿ, ಬಂದವನು ನಮ್ಮವನು. ಶಿಲ್ಪಾಳಿಗೆ ಇದು ನೆನಪಾಗದೆ ಇರಲಿಲ್ಲ. ಆದರೆ ಸೋತರೆ ಮೇಘಶ್ರೀ ಹೋಗುತ್ತಾಳೆ. ಗೆದ್ದರೆ ಹುರುಪು ಬಂದು ಎಲ್ಲರೂ ಮುಂದಿನ ರಾಕ್ಷಸನಿಗೂ ಉಳಿಯುತ್ತಾರೆ. ಹಾಗೆಂದುಕೊಂಡೇ ಅವಳು ಶಶಿಕಿರಣನಿಗೆ, ಈ ಸಲ ನೀನು ರೆಸ್ಟ್ ತಗೋ ಎಂದು ಮೆಸೇಜು ಹಾಕಿದಳು.

"ಸರಿ ಮಾರಾಯ್ತಿ, ಗೆದ್ಕೊಂಡ್ ಬನ್ನಿ," ಎಂದು ಉತ್ತರ ಬಂತು.

ಭಾನುವಾರ ಸಂಜೆ ಲೋಟದ ಕಾಫಿ ಆರುವುದರೊಳಗೆ ಗೆದ್ದರು. ಲಿಖಿತ್ ನಿಜಕ್ಕೂ ಬೆಂಕಿ. ಎಡಕ್ಕೆ, ಹಿಂದೆ, ಈಗ ಹೊಡೀರಿ ಎಂಬುದು ಬಿಟ್ಟು ಅವನು ಬೇರೆ ಮಾತಾಡಲಿಲ್ಲ, ಬೇರೆಯವರಿಗೂ ಮಾತಾಡಲು ಪುರುಸೊತ್ತಿರಲಿಲ್ಲ. ಸಾಹೇಬರು ಧೊಪ್ಪನೆ ಬಿದ್ದರು.

"ಅಬ್ಬಾ, ಮುಗೀತಲ್ಲ!" ಎಂದ ನಾಗೇಶ.

"ಅನ್ನಕ್ಕಿಡ್ಬೇಕು ಕಣೇ, ಬರ್ತೀನಿ," ಎಂದಳು ಮೇಘಶ್ರೀ.

ಮರುದಿನ ಸಂಜೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ, "ಗೆದ್ದಾಯ್ತಲ್ಲ, ಇನ್ನೇನಿದೆ ಅದ್ರಲ್ಲಿ? ತೆಗ್ದು ಹಾಕ್ದೆ," ಎಂದಳು ಮೇಘಶ್ರೀ. ನಾಗೇಶನದೂ ಅದೇ ಮಾತು. ಶಿಲ್ಪಾಳಿಗೆ ಆಗ ಹೊಳೆಯಿತು, ಹೊಳೆದು ಏನು ಪ್ರಯೋಜನ? ಅವರೆಲ್ಲ ಸೇರುತ್ತಿದ್ದದ್ದು ರಾಕ್ಷಸನನ್ನು ಕೊಲ್ಲಲು ಇರಬಹುದು, ಆದರೆ ಕೂತು ಮಾತಾಡುತ್ತಿದ್ದದ್ದು ಶಶಿಕಿರಣನಿಗೆ ಕಾಯುತ್ತ. ಕಾಯಿಸುವವನನ್ನೇ ಅವಳು ತೆಗೆದುಹಾಕಿದ್ದಳು. ಗಿರಾಕಿ ಎದುರಿಗೇ ಅವಳ ಕಣ್ಣು ತುಂಬಿತು.

ಗುರುವಾರ ಸಂಜೆ ಫೋನಿನ ಪರದೆಯ ಮೇಲೆ ಶಶಿಕಿರಣನ ಹೆಸರು ಬೆಳಗಿತು.

"ಗೆದ್ರಂತಲ್ಲ ಶಿಲ್ಪಾ! ನಂಗೂ ಖುಷಿ ಆಯ್ತು. ಒಂದ್ ಮಾತು. ಇನ್ಮುಂದೆ ನನ್ನ ಆಡ್ಸೋದೇನ್ ಬೇಡ. ನೀವ್ ಮಾತಾಡೋದ್ ಕೇಳ್ತಾ ಸುಮ್ನೆ ಕೂತಿರ್ತೀನಿ, ಅಷ್ಟು ಸಾಕು. ದಿನಾ ತಿರುವಿಗೆ ಬರ್ತಿದೀನಿ, ಯಾರೂ ಸಿಕ್ತಿಲ್ಲ. ಟೈಮ್ ಏನಾದ್ರೂ ಬದ್ಲಾಯ್ಸಿದ್ರಾ?"

ಶಿಲ್ಪಾ ಕೈಯಲ್ಲಿದ್ದ ಸೀರೆ ಬದಿಗಿಟ್ಟಳು. "ಇಲ್ಲ ಕಣೋ. ಯಾರೂ ಇಲ್ಲ ಈಗ. ಇಬ್ರೂ ಆಟ ತೆಗ್ದು ಹಾಕಿದ್ರು. ನಿನ್ನ ಬಿಟ್ಟು ನಾನೇ ಎಲ್ಲಾ ಹಾಳು ಮಾಡ್ದೆ."

ಸ್ವಲ್ಪ ಹೊತ್ತಿಗೆ ಗಾಳಿಯ ಶಬ್ದದ ಜೊತೆ ಅವನ ದನಿ ಮರಳಿ ಬಂತು.

"ಹಲೋ... ಸಿಗ್ನಲ್ ಹೋಗಿತ್ತು ಮಾರಾಯ್ತಿ, ಒಂದಕ್ಷರ ಕೇಳ್ಲಿಲ್ಲ. ಎಷ್ಟೊತ್ತಿಗೆ ಬರ್ತಾರೆ ಅವ್ರು?"

ಅದನ್ನೇ ಇನ್ನೊಂದು ಸಲ ಹೇಳಲು ಶಿಲ್ಪಾಳಿಗೆ ಬಾಯಿ ಬರಲಿಲ್ಲ.

"ಬರ್ತಾರೆ, ಕೂತ್ಕೋ," ಎಂದಳು.