ಕಟ್ಟೆಯ ಕೆಳಗೆ ಇಬ್ಬರು

ಅಂಕಯ್ಯನ ರಾಗಿ ಕೊಯ್ಲಾಗಿ ಹೊಲದಲ್ಲಿ ಬಿದ್ದಿತ್ತು. ಅದನ್ನು ಕಣಕ್ಕೆ ತರಲು ದಾರಿ ಇರಲಿಲ್ಲ.

ಹಿಂದಿನ ವರ್ಷದವರೆಗೂ ದಾರಿ ಇತ್ತು. ಕೆಂಪರಾಜುವಿನ ಹೊಲದ ಬದುವಿಗೆ ಸೇರಿಕೊಂಡು ಒಂದು ಬಂಡಿ ಹೋಗುವಷ್ಟು ಅಗಲದ ಜಾಡು. ಅವನ ತಂದೆ ಬಿಟ್ಟುಕೊಟ್ಟದ್ದು. ಈ ವರ್ಷ ಕೆಂಪರಾಜು ಕೊಳವೆಬಾವಿ ಕೊರೆಸಿ, ಹಿಪ್ಪುನೇರಳೆ ನೆಟ್ಟು, ಸುತ್ತಲೂ ಕಲ್ಲುಕಂಬ ನಿಲ್ಲಿಸಿ ಮುಳ್ಳುತಂತಿ ಎಳೆದ. ಜಾಡು ಬೇಲಿಯ ಒಳಗೆ ಸೇರಿತು. ಅದರಾಚೆ ಅಂಕಯ್ಯನ ಜಮೀನು. ಅದರ ಉಳಿದ ಮೂರು ಕಡೆ ಹಳ್ಳ ಮತ್ತು ಬಂಡೆ. ತಲೆಯ ಮೇಲೆ ಕಂತೆ ಹೊತ್ತು ಬಂಡೆ ಹತ್ತಿ ಇಳಿಯಬಹುದು, ಆದರೆ ಅಂಕಯ್ಯನಿಗೆ ಅರವತ್ತು ದಾಟಿತ್ತು. ಅವನ ಹೆಂಡತಿ ದೊಡ್ಡಲಕ್ಷ್ಮಮ್ಮನ ಮಂಡಿ ಕೆಟ್ಟಿತ್ತು. ತಿಂಗಳು ಡಿಸೆಂಬರ್. ಸಮುದ್ರದ ಕಡೆಯಿಂದ ಮಳೆ ಬರಲಿದೆಯೆಂದು ಟಿ.ವಿ.ಯಲ್ಲಿ ಹೇಳುತ್ತಿದ್ದರು. ಕೊಯ್ದ ರಾಗಿ ನೆನೆದರೆ ತೆನೆಯಲ್ಲೇ ಮೊಳೆಯುತ್ತದೆ.

ಊರು ಗುಡೇಮಾರನಹಳ್ಳಿಯಿಂದ ಸ್ವಲ್ಪ ಒಳಗೆ. ಅಲ್ಲಿನ ವ್ಯಾಜ್ಯಗಳು ಅರಳಿಕಟ್ಟೆಯಲ್ಲಿ ತೀರುತ್ತಿದ್ದವು. ಕಟ್ಟೆಗೆ ಮೂರು ಮೆಟ್ಟಿಲು. ಯಜಮಾನ ಮುನಿಯಪ್ಪ ಮತ್ತು ಒಕ್ಕಲಿನ ಹಿರಿಯರು ಮೇಲೆ ಕೂರುವರು. ವ್ಯಾಜ್ಯದವನು ಒಕ್ಕಲಿನವನಾದರೆ ಅವನೂ ಮೇಲೆಯೇ ಒಂದು ಬದಿಗೆ ಕೂರುವನು. ಕೇರಿಯವನಾದರೆ ಕೆಳಗೆ ನಿಲ್ಲುವನು. ಅಂಕಯ್ಯ ಕೇರಿಯವನು. ಈ ನಿಯಮವನ್ನು ಯಾರೂ ಬರೆದಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಶಾಲೆಯಲ್ಲಿ ಮಕ್ಕಳು ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದರು. ಡೈರಿಯಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತಿತ್ತು. ಪಂಚಾಯಿತಿ ಕಚೇರಿಯಲ್ಲಿ ಕುರ್ಚಿ ಖಾಲಿ ಇದ್ದರೆ ಯಾರು ಬೇಕಾದರೂ ಕೂರುತ್ತಿದ್ದರು. ಕಟ್ಟೆ ಮಾತ್ರ ಇದ್ದಂತೆಯೇ ಇತ್ತು.

ಶನಿವಾರ ಮಧ್ಯಾಹ್ನ ಅಂಕಯ್ಯನ ಮಗ ಮುನೇಶ್ ಚನ್ನಪಟ್ಟಣದಿಂದ ಬಂದ. ಅಲ್ಲಿನ ಒಂದು ಪ್ರೌಢಶಾಲೆಯಲ್ಲಿ ಅವನು ಸಮಾಜ ವಿಜ್ಞಾನದ ಅಧ್ಯಾಪಕ. ಮರುದಿನ ಕಟ್ಟೆಯಲ್ಲಿ ಮಾತುಕತೆ ಎಂದು ಕೇಳಿ ಅವನು ಕೈಯಲ್ಲಿದ್ದ ಚೀಲವನ್ನು ಸಹ ಕೆಳಗಿಡಲಿಲ್ಲ.

“ಅರ್ಜಿ ಕೊಟ್ಟು ಬಂದಿದೀನಲ್ಲಪ್ಪಾ ತಾಲ್ಲೂಕು ಆಫೀಸ್ಗೆ. ಮತ್ತೆ ಕಟ್ಟೆ ಯಾಕೆ?”

“ಅರ್ಜಿ ಸರತಿ ಪ್ರಕಾರ ಬರಬೇಕು ಅಂದ್ರಂತಲ್ಲ. ರಾಗಿಗೆ ಸರತಿ ಗೊತ್ತಾ?”

“ನೀನು ಕೆಳಗೆ ನಿಂತ್ಕೊಂಡು ಕೈ ಕಟ್ಟಿ ಕೇಳಿದ್ರೆ ಅದು ನ್ಯಾಯ ಅಲ್ಲ, ಭಿಕ್ಷೆ.”

“ಯಾವ್ದಾದ್ರೂ ಆಗ್ಲಿ ಕಣ್ಲಾ. ಟ್ರ್ಯಾಕ್ಟ್ರು ಒಳಕ್ಕೋಗ್ಬೇಕು.”

“ಅವ್ರು ಮೇಲೆ ಕೂರಿಸ್ತಾರಾ ಕೇಳು. ಕೂರಿಸಿದ್ರೆ ಹೋಗು.”

“ಕೂರೋಕೆ ಮನೇಲೇ ಜಾಗ ಐತೆ,” ಎಂದ ಅಂಕಯ್ಯ. “ದಾರಿ ಇಲ್ಲದಿರೋದು ಒಲಕ್ಕೆ.”

ದೊಡ್ಡಲಕ್ಷ್ಮಮ್ಮ ಒಲೆಯ ಮುಂದಿನಿಂದ ತಿರುಗಿ ನೋಡಿದಳು. “ನಿಮ್ಮ ಅಪ್ಪ-ಮಗನ ಮಾತು ಮುಗಿಯೋಷ್ಟ್ರಲ್ಲಿ ರಾಗಿ ಪೈರಾಗಿರ್ತದೆ. ಮೊದ್ಲು ಉಣ್ಣಿ.”

ಉಣ್ಣುವಾಗ ಮುನೇಶ್ ತನ್ನ ತೀರ್ಮಾನ ಹೇಳಿದ: ಬರುತ್ತೇನೆ, ಕಟ್ಟೆಯ ಮುಂದೆ ನಿಲ್ಲುವುದಿಲ್ಲ, ಎದುರಿನ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತೇನೆ.

ಭಾನುವಾರ ಬೆಳಗ್ಗೆ ಯಜಮಾನರ ಮನೆಯಲ್ಲಿಯೂ ಇದೇ ವಿಷಯ ಎದ್ದಿತು. ಮುನಿಯಪ್ಪನ ಮಗ ಲೋಕೇಶ್ ಗ್ರಾಮ ಪಂಚಾಯಿತಿಯ ಸದಸ್ಯ. ಮುನೇಶನ ಜೊತೆ ಹತ್ತನೆಯ ತರಗತಿಯವರೆಗೆ ಓದಿದವನು.

“ಅಪ್ಪ, ಇವತ್ತು ಅಂಕಯ್ಯನ್ನ ಕಟ್ಟೆ ಮೇಲೆ ಕರೀಬೇಕು. ಎಷ್ಟು ದಿನ ಅಂತ ಇಂಗೆ?”

“ಇವತ್ತು ದಾರಿ ವಿಷ್ಯ,” ಎಂದ ಮುನಿಯಪ್ಪ. “ದಾರಿ ಕೊಡಿಸ್ತೀನಿ. ಎರಡನ್ನೂ ಒಂದೇ ದಿನ ಎತ್ತಿದ್ರೆ ಎರಡೂ ಕೈ ಜಾರ್ತವೆ.”

“ನೀನು ನಲವತ್ತು ವರ್ಷದಿಂದ ಅಂಗೇ ಯೋಳ್ತಿದೀಯ.”

“ನಲವತ್ತು ವರ್ಷದಿಂದ ತಪ್ಪು ತೀರ್ಮಾನ ಕೊಟ್ಟಿದ್ರೆ ತೋರ್ಸು.”

ಮುನಿಯಪ್ಪ ಕೇರಿಯವರಿಗೆ ಅನ್ಯಾಯ ಮಾಡಿದವನಲ್ಲ. ಅವರನ್ನು ನಿಲ್ಲಿಸಿಯೇ ನ್ಯಾಯ ಕೊಟ್ಟಿದ್ದ, ಅಷ್ಟೆ.

ಹತ್ತು ಗಂಟೆಗೆ ಜನ ಸೇರಿದರು. ಹಿರಿಯರು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಬಿಟ್ಟು ಮೇಲೆ ಕೂತರು. ಕೆಂಪರಾಜು ಮೇಲೆಯೇ ಬಲಬದಿಗೆ ಟವೆಲ್ ಹಾಸಿಕೊಂಡು ಕೂತ. ಅಂಕಯ್ಯ ಕೆಳಗೆ ನಿಂತ. ಮುನೇಶ್ ಅಂಗಡಿಯ ಬೆಂಚಿನ ಮೇಲಿದ್ದ; ಬೆಂಚು ಕಟ್ಟೆಗಿಂತ ಎತ್ತರವಾಗಿರಲಿಲ್ಲ, ತಗ್ಗಾಗಿಯೂ ಇರಲಿಲ್ಲ.

ಮುನಿಯಪ್ಪ ಮೊದಲು ಅಂಕಯ್ಯನನ್ನು ಕೇಳಿದ. ಅಂಕಯ್ಯ ಇದ್ದದ್ದನ್ನು ಹೇಳಿದ. ಆಮೇಲೆ ಕೆಂಪರಾಜುವಿನ ಸರದಿ.

“ದೊಡ್ಡಪ್ಪ, ನಮ್ಮಪ್ಪ ದಾರಿ ಬುಟ್ಟಿದ್ದು ನಿಜ, ಇಲ್ಲ ಅನ್ನಾಕಿಲ್ಲ. ಬಂಡಿಗೆ ಬುಟ್ಟಿದ್ದು. ಬಂಡಿ ಓದ್ರೆ ಎರಡು ಗೆರೆ ಬೀಳ್ತದೆ. ಟ್ರ್ಯಾಕ್ಟ್ರು ಓದ್ರೆ ಒಂದು ಸಾಲು ಸೊಪ್ಪೇ ನೆಲಸಮ. ಆ ಸೊಪ್ಪು ತಿಂದೇ ನನ್ನ ಹುಳ ಗೂಡು ಕಟ್ಟೋದು. ಅಂಕ ಬಂಡಿ ತರ್ಲಿ, ನಾನೇ ತಂತಿ ಬಿಚ್ತೀನಿ.”

“ಬಂಡಿ ಊರಲ್ಲಿ ಯಾರ ತಾವ ಐತ್ಲಾ?” ಎಂದು ಹಿಂದಿನಿಂದ ಯಾರೋ ಕೂಗಿದರು. “ಮದ್ವೆ ಹುಡುಗ್ನ ಮೆರವಣಿಗೇಗೂ ಸಿಗಾಕಿಲ್ಲ!”

ಜನ ನಕ್ಕರು. ಕೆಂಪರಾಜು ನಗಲಿಲ್ಲ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದು ನಿಲ್ಲುವ ಮಾತಲ್ಲವೆಂದು ಅವನಿಗೂ ತಿಳಿದಿತ್ತು. ಮುನಿಯಪ್ಪ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ಮುಂದಕ್ಕೆ ಬಾಗಿದ. ಅವನು ತೀರ್ಮಾನ ಹೇಳುವುದು ಹಾಗೆಯೇ.

ಅಷ್ಟರಲ್ಲಿ ಕಟ್ಟೆಯ ಮೇಲೆಯೇ ಕೂತಿದ್ದ ಲೋಕೇಶ್ ಎದ್ದು ನಿಂತ.

“ಒಂದು ನಿಮಿಷ. ತೀರ್ಮಾನಕ್ಕೆ ಮುಂಚೆ ನಂದೊಂದು ಮಾತು. ಅಂಕಯ್ಯ ಬೆಳಗ್ಗೆಯಿಂದ ನಿಂತವ್ರೆ. ನನ್ನಪ್ಪನ ವಯಸ್ಸಿನೋರು. ಎಲ್ಲಾ ಬದಲಾಯ್ತು, ಈ ಕಟ್ಟೆ ಯಾಕೆ ಬದಲಾಗಬಾರ್ದು? ಅಂಕಯ್ಯ, ಮೇಲೆ ಬನ್ನಿ.”

ಹಿರಿಯರು ಮುನಿಯಪ್ಪನ ಮುಖ ನೋಡಿದರು. ಮುನಿಯಪ್ಪ ನೆಲ ನೋಡಿದ. ಕೆಂಪರಾಜು ಎದ್ದು ಜಗಳ ತೆಗೆಯುವನೆಂದು ಎಲ್ಲರೂ ಎಣಿಸಿದರು.

ಕೆಂಪರಾಜು ಎದ್ದ. ಕಟ್ಟೆಯ ಅಂಚಿಗೆ ಬಂದು ಕೈ ಚಾಚಿದ.

“ಬಾ ಅಂಕಯ್ಯಣ್ಣ. ಲೋಕೇಶ ಯೋಳಿದ್ದು ಸರಿ. ನನ್ನ ಪಕ್ಕದಲ್ಲೇ ಕೂತ್ಕ.”

ಅವನು ಅಂಕಯ್ಯನನ್ನು ಅಣ್ಣ ಎಂದು ಕರೆದದ್ದನ್ನು ಊರು ಕೇಳಿದ್ದು ಅದೇ ಮೊದಲು. ಹುಡುಗರು ಚಪ್ಪಾಳೆ ತಟ್ಟಿದರು. ಲೋಕೇಶ್ ಫೋಟೊ ಹಿಡಿಯಲು ಮೊಬೈಲ್ ಎತ್ತಿದ. ಅಂಕಯ್ಯ ದಿಕ್ಕು ತೋಚದೆ ಮುಂದೆ ಬಂದು ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

“ಇಂಥಾ ಒಳ್ಳೆ ದಿನ ದಾರಿ ಗೀರಿ ಅಂತ ಜಗಳ ಯಾಕೆ?” ಎಂದು ಕೆಂಪರಾಜು ಜನರ ಕಡೆ ತಿರುಗಿದ. “ಅಣ್ಣತಮ್ಮಂದಿರು ಇನ್ನೊಂದಿನ ಕೂತು ಮಾತಾಡ್ಕತೀವಿ. ದೊಡ್ಡಪ್ಪ, ಎಲ್ಲಾರ್ಗೂ ಕಾಫಿ ಯೋಳಿ. ದುಡ್ಡು ನಂದು.”

“ಅಪ್ಪ, ಹತ್ತಬೇಡ!”

ಕೂಗಿದವನು ಮುನೇಶ್. ಅವನು ಬೆಂಚಿನಿಂದ ಎದ್ದು ರಸ್ತೆಯ ಮಧ್ಯಕ್ಕೆ ಬಂದಿದ್ದ.

“ಏನ್ ಮೇಷ್ಟ್ರೇ,” ಎಂದ ಕಟ್ಟೆಯ ಮೇಲಿದ್ದ ಒಬ್ಬ ಹಿರಿಯ, “ಇಸ್ಕೂಲಲ್ಲಿ ಸಮಾನತೆ ಪಾಠ ಮಾಡೋರು ನೀವೇ, ಇಲ್ಲಿ ಬ್ಯಾಡ ಅನ್ನೋರೂ ನೀವೇ?”

“ನಿನ್ನೆ ಕೂರಿಸ್ತಾರಾ ಕೇಳು ಅಂದೋನು ನೀನೇ ಕಣ್ಲಾ,” ಎಂದ ಅಂಕಯ್ಯ, ಕಾಲು ಮೆಟ್ಟಿಲ ಮೇಲೆಯೇ ಇಟ್ಟುಕೊಂಡು.

“ಅಂದಿದ್ದೆ. ಕೂರಿಸ್ತಿರೋದು ಯಾರು ನೋಡು. ಯಾವಾಗ ಕೂರಿಸ್ತಿದಾರೆ ನೋಡು.”

ಅಂಕಯ್ಯ ಕೆಂಪರಾಜುವಿನ ಚಾಚಿದ ಕೈ ನೋಡಿದ. ಆಮೇಲೆ ಮುನಿಯಪ್ಪನನ್ನು ನೋಡಿದ; ಮುಂದಕ್ಕೆ ಬಾಗಿದ್ದ ಮುನಿಯಪ್ಪ ಈಗ ಹಿಂದಕ್ಕೆ ಒರಗಿದ್ದ. ಕಾಫಿಗೆ ಹೇಳಲು ಒಬ್ಬ ಆಗಲೇ ಅಂಗಡಿಯ ಕಡೆ ಹೊರಟಿದ್ದ. ಅಂಕಯ್ಯ ಕಾಲನ್ನು ಹಿಂದಕ್ಕೆ ತೆಗೆದು ನೆಲದ ಮೇಲಿಟ್ಟ.

“ಯಜಮಾನ್ರೇ, ಮೇಲೆ ಕೂರೋಕೆ ನಂಗೂ ಆಸೆ ಐತೆ, ಇಲ್ಲ ಅನ್ನಾಕಿಲ್ಲ. ನಮ್ಮಪ್ಪಂಗೂ ಇತ್ತು. ಆದ್ರೆ ಇವತ್ತು ನಾನು ಬಂದಿರೋದು ನ್ಯಾಯ ಕೇಳಾಕೆ. ಕೆಂಪರಾಜಣ್ಣ ಬಂದಿರೋದೂ ನ್ಯಾಯ ಕೇಳಾಕೇ. ಮೇಲೆ ಇರೋರು ಯೋಳೋರು, ಕೆಳಗೆ ಇರೋರು ಕೇಳೋರು. ಕೆಂಪರಾಜಣ್ಣನೂ ಒಸಿ ಕೆಳಕ್ಕೆ ಬರ್ಲಿ, ಇಬ್ರೂ ಪಕ್ಕಪಕ್ಕ ನಿಂತ್ಕತೀವಿ. ನೀವು ಯೋಳಿ. ಆಮ್ಯಾಕೆ ಇಬ್ರೂ ಒಟ್ಗೆ ಹತ್ತತೀವಿ. ಕಾಫಿನೂ ಅವಾಗ್ಲೇ ಕುಡಿಯಣ.”

ಚಪ್ಪಾಳೆ ತಟ್ಟಿದ್ದವರು ಈಗ ತಟ್ಟಲಿಲ್ಲ. ಅಂಕಯ್ಯ ಮೇಲೆ ಹತ್ತುವುದು ಒಂದು ಲೆಕ್ಕ; ಕೆಂಪರಾಜು ಕೆಳಗಿಳಿಯುವುದು ಬೇರೆ ಲೆಕ್ಕ. ಮೊದಲನೆಯದಕ್ಕೆ ಮುಂದೆ ಬಂದಿದ್ದ ಲೋಕೇಶನೂ ಎರಡನೆಯದಕ್ಕೆ ಮೊಬೈಲ್ ಎತ್ತಲಿಲ್ಲ.

ಒಕ್ಕಲಿನ ಒಬ್ಬನಿಗೆ ನಿಲ್ಲು ಎಂದು ಮುನಿಯಪ್ಪ ಆ ಕಟ್ಟೆಯಿಂದ ಒಮ್ಮೆಯೂ ಹೇಳಿರಲಿಲ್ಲ. ಬೆಳಗ್ಗೆ ಮಗನಿಗೆ ಹೇಳಿದ ಮಾತು ಅವನದೇ: ತಪ್ಪು ತೀರ್ಮಾನ ಇದ್ದರೆ ತೋರಿಸು. ನ್ಯಾಯ ಕೇಳಿ ಬಂದ ಇಬ್ಬರಲ್ಲಿ ಒಬ್ಬನನ್ನು ಕೂರಿಸಿ ಒಬ್ಬನನ್ನು ನಿಲ್ಲಿಸಿದ್ದು ಸರಿಯೆಂದು ಈಗ ಹೇಳಲು ಅವನ ಬಳಿ ಕಾರಣವಿರಲಿಲ್ಲ.

“ಕೆಂಪರಾಜು, ಇಳಿಯಪ್ಪ.”

“ಯಾರು, ನಾನಾ?”

“ಇನ್ಯಾರು? ವ್ಯಾಜ್ಯ ನಿಂದೇ ತಾನೇ.”

“ನಮ್ಮಪ್ಪ ಕೂತ ಜಾಗ ದೊಡ್ಡಪ್ಪ ಇದು. ಇಳಿಯಾಕಿಲ್ಲ.”

“ಇಳೀದಿದ್ರೆ ತೀರ್ಮಾನ ಇಲ್ಲ.”

“ಬ್ಯಾಡ ಬುಡಿ! ತೀರ್ಮಾನನೂ ಬ್ಯಾಡ, ಕಟ್ಟೆನೂ ಬ್ಯಾಡ. ನಾನು ಮನೇಗೋಯ್ತೀನಿ.”

ಅವನು ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮೂರು ಮೆಟ್ಟಿಲನ್ನೂ ದಡದಡ ಇಳಿದ. ಚಪ್ಪಲಿ ಜನರ ಕಾಲಿಗೆ ಸಿಕ್ಕಿ ಚದುರಿಹೋಗಿದ್ದವು. ಒಂದು ಸಿಕ್ಕಿತು. ಇನ್ನೊಂದನ್ನು ಹುಡುಕುತ್ತ ಅವನು ಅಂಕಯ್ಯನ ಪಕ್ಕಕ್ಕೆ ಬಂದು ನಿಂತ.

ಮುನಿಯಪ್ಪ ಮುಂದಕ್ಕೆ ಬಾಗಿದ.

“ಇಬ್ರೂ ಕೆಳಗವ್ರೆ. ಕೇಳ್ರಪ್ಪ ಎಲ್ಲಾರೂ.”

“ದೊಡ್ಡಪ್ಪ, ನಾನು ಚಪ್ಲಿಗೆ—”

“ಯಾತಕ್ಕಾರ ಇಳಿ, ಇಳಿದಿದೀಯ. ಬಂಡಿಗೆ ಬುಟ್ಟ ದಾರಿ ಅಂದೆ. ನಿನ್ನೊಲಕ್ಕೆ ನೀನು ಗೊಬ್ರ ಯಾತ್ರಲ್ಲಿ ಒಡೀತೀಯ? ಟ್ರ್ಯಾಕ್ಟ್ರಲ್ಲಿ. ನಿಂಗೆ ಟ್ರ್ಯಾಕ್ಟ್ರು ಬಂಡಿ ಆದ್ರೆ ಅವ್ನಿಗೂ ಬಂಡಿನೇ. ಟ್ರ್ಯಾಕ್ಟ್ರು ಓಗೋಷ್ಟು ಅಗಲಕ್ಕೆ ಕಂಬ ಕೀಳು. ಅಂಕಯ್ಯ, ಸೊಪ್ಪಿನ ಸಾಲಿಗೆ ಚಕ್ರ ಹತ್ತಿದ್ರೆ ಆ ಸಾಲು ನೀನು ನೆಟ್ಟು ಕೊಡ್ಬೇಕು. ಮುಗೀತು.”

ಕೆಂಪರಾಜು ಒಪ್ಪಿದೆ ಎನ್ನಲಿಲ್ಲ. ಎರಡನೆಯ ಚಪ್ಪಲಿ ಸಿಕ್ಕಿತು, ಹಾಕಿಕೊಂಡು ಹೋದ.

“ಈಗಲಾದ್ರೂ ಬನ್ನಿ ಮೇಲೆ,” ಎಂದ ಲೋಕೇಶ್.

“ಒಟ್ಗೆ ಹತ್ತತೀವಿ ಅಂದಿದ್ದೆ ಕಣಪ್ಪ,” ಎಂದ ಅಂಕಯ್ಯ. “ಅವ್ರು ಓಗ್ಬುಟ್ರು. ನಾನೊಬ್ನೇ ಎಂಗೆ ಹತ್ತಲಿ?”

ಅವನು ಟ್ರ್ಯಾಕ್ಟರಿನ ನಜೀರನನ್ನು ಕಾಣಲು ಹೊರಟ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೆಂಪರಾಜು ಆಳುಗಳನ್ನು ಕರೆದು ಕಂಬ ಕೀಳಿಸಿದ. ಮುನಿಯಪ್ಪನ ಭಯಕ್ಕೆ ಎಂದು ಕೆಲವರು ಹೇಳಿದರು. ಕಾರಣ ಇನ್ನೂ ಸರಳವಾಗಿತ್ತು. ಅವನ ಕೊಳವೆಬಾವಿಯ ನೀರಿನ ಪೈಪು ಇನ್ನಿಬ್ಬರ ಹೊಲದ ಕೆಳಗೆ ಹಾದು ಬರುತ್ತಿತ್ತು; ಆ ಅನುಮತಿಯನ್ನು ಕೊಡಿಸಿದ್ದು ಅದೇ ಕಟ್ಟೆ. ಕಟ್ಟೆಯ ಒಂದು ಮಾತನ್ನು ಅವನು ತಳ್ಳಿಹಾಕಿದರೆ ಇನ್ನೊಂದನ್ನು ಆ ಹೊಲದವರು ತಳ್ಳಿಹಾಕಬಹುದು. ಅಂಕಯ್ಯ ಎದುರಿಗೆ ಸಿಕ್ಕಾಗ ಅವನು ಅಣ್ಣ ಎನ್ನಲಿಲ್ಲ.

ಮಂಗಳವಾರ ನಜೀರನ ಟ್ರ್ಯಾಕ್ಟರ್ ಒಳಗೆ ಹೋಯಿತು. ಮೋಡ ಕವಿದಿತ್ತು, ಮಳೆ ಬಂದಿರಲಿಲ್ಲ. ಮುನೇಶ್ ರಜೆ ಹಾಕಿ ಕಂತೆ ಎತ್ತಲು ಉಳಿದಿದ್ದ. ಲೋಕೇಶನೂ ಬಂದಿದ್ದ, ಅವನು ಎತ್ತುವುದಕ್ಕಿಂತ ಹೆಚ್ಚಾಗಿ ಮಾತಾಡಿದ.

“ಭಾನುವಾರ ನಿಮ್ಮಪ್ಪ ಹತ್ತಿದ್ರೆ ಈ ಊರಿನ ಚರಿತ್ರೆನೇ ಬದಲಾಗ್ತಿತ್ತು ಮುನೇಶ. ನೀನೇ ತಡೆದೆ.”

“ಹತ್ತಿದ್ರೆ ಇವತ್ತು ಈ ದಾರಿ ಇರ್ತಿರಲಿಲ್ಲ.”

“ಹತ್ತಲಿಲ್ಲ ಅಂತ ಕಟ್ಟೆ ಇದ್ದಂಗೇ ಉಳ್ಕೊಂತು.”

“ಅದೂ ನಿಜ,” ಎಂದ ಮುನೇಶ್. “ಅದಕ್ಕೇ ಅರ್ಜಿ ವಾಪಸ್ ತಗೊಂಡಿಲ್ಲ. ಮೊನ್ನೆ ನಿಮ್ಮಪ್ಪ ಇದ್ರು, ನ್ಯಾಯ ಸಿಕ್ತು. ಅದು ಅವ್ರ ಒಳ್ಳೇತನ. ನಾಳೆ ಆ ಜಾಗದಲ್ಲಿ ಯಾರಿರ್ತಾರೆ?”

“ನಾನಿರ್ತೀನಿ.”

“ಅದೇ ಭಯ ಕಣೋ.”

ಲೋಕೇಶ್ ನಕ್ಕ. ನಕ್ಕಾದ ಮೇಲೆ ಅವನ ಮುಖ ಬಿಗಿಯಾಯಿತು. “ನಾನು ಒಳ್ಳೆ ಮನಸ್ಸಿಂದ್ಲೇ ಕರ್ದಿದ್ದು.”

“ಗೊತ್ತು. ನೀನು ಕರೀದೆ ಇದ್ರೂ ಕೂರೋ ಹಂಗಿರಬೇಕು, ನಾನು ಹೇಳೋದು ಅಷ್ಟೇ.”

“ಕರೀದೆ ಯಾರು ಕೂರ್ತಾರೆ? ಒಬ್ರು ಶುರು ಮಾಡಬೇಕಲ್ಲ!”

“ಶುರು ಮಾಡೋಕೆ ನಿಂಗ್ಯಾಕೆ ನಮ್ಮಪ್ಪನೇ ಬೇಕು? ನೀನು ಕೆಳಗಿಳಿದು ಅಪ್ಪನ ಪಕ್ಕ ನಿಂತಿದ್ರೂ ಶುರು ಆಗ್ತಿತ್ತು.”

ಇಬ್ಬರೂ ಜಾಡಿನ ನಟ್ಟನಡುವೆ ನಿಂತಿದ್ದರು. ಅವರ ಹಿಂದೆ ಟ್ರ್ಯಾಕ್ಟರ್ ಹೊರೆ ತುಂಬಿಕೊಂಡು ಬಂದು ನಿಂತಿತು. ನಜೀರ್ ಹಾರನ್ ಒತ್ತಿದ. ಹೊರೆಯ ಮೇಲೆ ಹಗ್ಗ ಹಿಡಿದು ಕೂತಿದ್ದ ಅಂಕಯ್ಯ, ಒಂದು ಕಣ್ಣು ಕೆಂಪರಾಜುವಿನ ಸೊಪ್ಪಿನ ಸಾಲಿನ ಮೇಲಿಟ್ಟು, ಕೆಳಗೆ ಬಗ್ಗಿ ಹೇಳಿದ:

“ಒಸಿ ಪಕ್ಕಕ್ಕೆ ನಿಂತ್ಕಳ್ರಪ್ಪ. ಆ ಕಡೆ ಬ್ಯಾಡ, ಈ ಕಡೆ. ಸೊಪ್ಪು ತುಳೀಬ್ಯಾಡಿ.”