ಕಚ್ಚಾ ತೂಕ

ನೂರ ನಲವತ್ತೊಂಬತ್ತು, ನೂರೈವತ್ತೊಂದು, ಫ್ಯಾನಿನ ಗಾಳಿಗೇ ತಕ್ಕಡಿಯ ಅಂಕಿ ಅಲುಗಾಡುತ್ತಿದೆ, ಆರಿಸಿಬಿಡಲೇ, ಬೇಡ, ಸೆಖೆಗೆ ತಮ್ಮನಿಗೆ ಎಚ್ಚರವಾದೀತು, ಈ ಲಕ್ಷ್ಮೀ ನಗರದ ಒಂಟಿ ಕೋಣೆಯಲ್ಲಿ ಅಡುಗೆಕಟ್ಟೆಗೂ ಧನುಷ್‌ನ ಮಂಚಕ್ಕೂ ನಾಲ್ಕೇ ಹೆಜ್ಜೆ, ನಿದ್ದೆಯಲ್ಲೂ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ ಅವನಿಗೆ, ಕಣ್ಣಿನ ಹಳದಿ ಕಾಣುತ್ತದೆ — ಬೇಯಿಸಿದ ಕೋಳಿ, ಮೂಳೆಯಿಲ್ಲದ್ದು, ನೂರೈವತ್ತು ಗ್ರಾಂ, ಸರಿಯಾಗಿದೆ, ಸರಿಯಾಗಿಯೇ ಇರಬೇಕು, ನಾಳೆ ಒಂಬತ್ತಕ್ಕೆ ನನ್ನ ಸ್ಕ್ಯಾನ್. ನಿಮ್ಮ ಲಿವರಿನಲ್ಲಿ ಕೊಬ್ಬಿದೆ ಸಿಂಚನಾ, ನಾಲ್ಕು ಕಿಲೋ ಇಳಿಯದೆ ಅದರ ತುಂಡು ತೆಗೆದು ತಮ್ಮನಿಗೆ ಹಾಕುವಂತಿಲ್ಲ ಅಂದಿದ್ದರು ಡಾಕ್ಟರು, ಅಪ್ಪನಿಗೆ ಸಕ್ಕರೆ ಕಾಯಿಲೆ, ಅಮ್ಮನ ರಕ್ತ ಹೊಂದುವುದಿಲ್ಲ, ಉಳಿದವಳು ನಾನೊಬ್ಬಳೇ, ನಲವತ್ತು ದಿನ ಕೊಟ್ಟರು, ನಲವತ್ತು ದಿನವೂ ಎರಡು ಹೊತ್ತೂ ತೂಗಿದ್ದೇನೆ, ತೂಗಿದ್ದನ್ನು ಫೋನಿನಲ್ಲಿ ಬರೆದಿದ್ದೇನೆ, ಇಳಿದದ್ದು ಮಾತ್ರ ಎರಡೇ ಕಿಲೋ, ಯಾಕೆ, ಎಲ್ಲಿ ತಪ್ಪಿದೆ, ಅನ್ನ ಮುಟ್ಟಿಲ್ಲ, ಎಣ್ಣೆ ಮುಟ್ಟಿಲ್ಲ, ದೇವರಾಣೆಗೂ ಮುಟ್ಟಿಲ್ಲ.

ಬೆಳಿಗ್ಗೆ ಕೋಳಿಯಂಗಡಿಯವನು ಚೀಲ ಕೊಡುತ್ತಾ ಏನೋ ಅಂದನಲ್ಲ, ದೀದಿ, ಕಚ್ಚಾ ಮತ್ ರಖ್ನಾ, ಗರ್ಮೀ ಹೈ, ಜಲ್ದೀ ಪಕಾ ಲೇನಾ, ಅಚ್ಛಾ ಭಯ್ಯಾ ಅಂದು ಬಂದೆ, ಹಾಸನದಿಂದ ಈ ಹಿಂದಿ ಊರಿಗೆ ಬಂದು ಮೂರೇ ತಿಂಗಳು, ಆದರೂ ಅರ್ಥವಾಗಿತ್ತು, ಹಸಿಯಾಗಿ ಇಡಬೇಡಿ, ಬೇಗ ಬೇಯಿಸಿ — ಹಸಿ, ಕಚ್ಚಾ ಅಂದರೆ ಹಸಿ, ಅಯ್ಯೋ, ಡಯಟೀಷಿಯನ್ ಮೇಡಂ ಅಂದದ್ದೂ ಅದೇ ಮಾತು, ಏಕ್ ಬಾರ್ ಮೇ ಡೇಢ್ ಸೌ ಗ್ರಾಮ್, ಕಚ್ಚಾ ವಜನ್, ಅಂದರೆ ಹಸಿ ತೂಕ, ನಾನು ತಲೆಯಾಡಿಸಿದೆ, ಸರ್ವೆ ಆಫೀಸಿನಲ್ಲಿ ಆರು ವರ್ಷ ಕಚ್ಚಾ ನಕ್ಷೆ ಬರೆದವಳು, ನನಗೆ ಕಚ್ಚಾ ಅಂದರೆ ಅಂದಾಜು, ಅಂದಾಜು ನೂರೈವತ್ತು, ಅಂದಾಜು ಯಾಕೆ, ಕರಾರುವಾಕ್ಕಾಗಿಯೇ ತೂಗುತ್ತೇನೆ ಅಂತ ಜಂಬದಿಂದ ಈ ತಕ್ಕಡಿ ತಂದೆ, ತಂದು ಬೆಂದದ್ದನ್ನು ತೂಗಿದೆ! ಬೆಂದರೆ ನೀರು ಹೋಗಿ ತೂಕ ಇಳಿಯುತ್ತದೆ, ಬೆಂದ ನೂರೈವತ್ತು ಅಂದರೆ ಹಸಿ ಇನ್ನೂರು, ಹೊತ್ತಿಗೆ ಐವತ್ತು ಹೆಚ್ಚು, ದಿನಕ್ಕೆ ನೂರು, ನಲವತ್ತು ದಿನಕ್ಕೆ ನಾಲ್ಕು ಕಿಲೋ, ನಾಲ್ಕು ಕಿಲೋ ಇಳಿಸು ಅಂದರೆ ನಾಲ್ಕು ಕಿಲೋ ಹೆಚ್ಚು ತಿಂದಿದ್ದೇನೆ, ಭಯವಾಗುತ್ತಿದೆ, ನಾಳೆ ಡಾಕ್ಟರು ಪರದೆ ನೋಡಿ ಸಾರಿ ಸಿಂಚನಾ ಅಂದರೆ, ಇನ್ನೊಂದು ನಲವತ್ತು ದಿನ ಅಂದರೆ, ಇವನ ಹತ್ತಿರ ನಲವತ್ತು ದಿನ ಎಲ್ಲಿದೆ, ಏನು ಹೇಳಲಿ ಇವನಿಗೆ, ಒಂದು ಮಾತು ತಿಳಿಯಲಿಲ್ಲ ಕಣೋ ಅನ್ನಲೇ — ಮಂಚ ಕಿರುಗುಟ್ಟಿತು, ಎದ್ದ, ಗೋಡೆ ಹಿಡಿದುಕೊಂಡು ಬರುತ್ತಿದ್ದಾನೆ, ಏನಕ್ಕಾ, ಇಷ್ಟೇನಾ ನಿನ್ ಊಟ, ನನಗೋಸ್ಕರ ಹೀಗೆ ಸೊರಗಿ ಹೋಗ್ತಿದ್ದೀಯಲ್ಲೇ, ತನಗೆಂದು ತೆಗೆದಿಟ್ಟ ಬಟ್ಟಲಿಗೆ ಕೈ ಹಾಕಿದ, ಒಂದು ತುಂಡು ತಕ್ಕಡಿಯ ಮೇಲಿನ ನನ್ನ ತಟ್ಟೆಗೆ ಬಿತ್ತು, ನೂರ ಎಪ್ಪತ್ತು, ನೂರ ತೊಂಬತ್ತು, ಬೇಡ ಕಣೋ ಅನ್ನಬೇಕು, ಅಂದರೆ ಯಾಕೆ ಅಂತ ಕೇಳುತ್ತಾನೆ, ತಿನ್ನು ಅಕ್ಕ, ನೀನು ಗಟ್ಟಿ ಇದ್ರೆ ತಾನೇ ನಾನು ಉಳಿಯೋದು, ತಿನ್ನು, ನಗುತ್ತಿದ್ದಾನೆ, ತುಂಡು ನನ್ನ ಬೆರಳಲ್ಲಿದೆ, ಹಳದಿ ಕಣ್ಣು, ಎರಡೂ ಹಳದಿ ಕಣ್ಣು ನನ್ನ ಬಾಯನ್ನೇ ನೋಡುತ್ತಿವೆ.